ಕಂಬಳಿಹುಳದ ಸುದ್ದಿ ಮೊದಲ ಮಳಿಗೇ ಹಾಕ್ರಿ

ಮಾನ್ಯ ಸಂಪಾದಕರೇ,

ಶೇಂಗಾಕ್ಕ ಕಂಬಳಿಹುಳ ಬಿತ್ತಂದ್ರ ಪೇಪರ್‌ನ್ಯಾಗ ಫೋಟೋ ಬರ್ತೈತಿ, ಬರೇ ಕಡ್ಡಿ ಉಳಿದ ಹೊಲ, ಬಾಜೂಕ ತಲಿಮ್ಯಾಲೆ ಕೈ ಇಟ್ಕೊಂಡ ರೈತ, ಕೆಳಗ ಪರಿಹಾರಕ್ಕೆ ಆಗ್ರಹ. ಬ್ಯಾಡ ಅನ್ನಂಗಿಲ್ರಿ. ಆದ್ರ ಅಷ್ಟೊತ್ತಿಗೆ ಹುಳ ಬಲ್ತು ಮೈತುಂಬ ಕೂದ್ಲ ಬಂದಿರ್ತಾವ, ಎಣ್ಣಿ ಹೊಡದ್ರೂ ಜಗ್ಗಂಗಿಲ್ಲ, ರೊಕ್ಕ ಹೋಗ್ತೈತಿ ಅಷ್ಟ.

ನಾ ಹೇಳೂದು ಕೆಂಪು ತಲಿ ಕಂಬಳಿಹುಳದ್ದು. ಟೈಗರ್ ಮಾತ್ ಅಂತಾರಲ್ಲ, ಆ ಪತಂಗದ ಜಾತಿದು, ಸೈನ್ಸ್‌ನ್ಯಾಗ ಆಮ್ಸಾಕ್ಟಾ ಆಲ್ಬಿಸ್ಟ್ರೈಗಾ. (ಸೋಯಾಬೀನ್‌ಗೆ ಬೀಳೋ ಬಿಹಾರ ಕಂಬಳಿಹುಳ ಬ್ಯಾರೆ, ಅದೂ ಇದ ಬಳಗ.) ಪತಂಗ ನೋಡಾಕ ಚಂದ ಐತಿ ಮತ್ತ, ಬಿಳಿ ರೆಕ್ಕಿ, ಮ್ಯಾಲೆ ಕಂದು ಗೀರು, ಮುಂದಿನ ತುದಿಗೆ ಸೀರಿ ಅಂಚಿನಂಗ ಒಂದು ಹಳದಿ ಪಟ್ಟಿ. ಹಿಂದಿನ ವರ್ಷದ ಕೋಶ (ಹುಳ ಪತಂಗ ಆಗೂಕಿಂತ ಮೊದಲ ಇರೂ ಗೂಡು) ಬದುವಿನ್ಯಾಗ, ಗಿಡದ ನೆರಳಿನ ಮಣ್ಣಾಗ ತಿಂಗಳಗಟ್ಟಲೆ ಸುಮ್ನ ಬಿದ್ದಿರ್ತಾವ, ಮುಂಗಾರಿನ ಜೋರು ಮಳಿ ಆಗಿ ಮಣ್ಣು ತೊಯ್ತಂದ್ರ ಒಮ್ಮಿಗೇ ಸಂಜಿಮುಂದ ಹೊರಗ ಬೀಳ್ತಾವ, ಮನಿ ಬಲ್ಬಿಗೆ ಬಂದು ಬಡಕೋತಾವ, ನಾವು ಮಳಿಹುಳ ಬಂದಾವು ಅಂತ ಲೈಟ್ ಆಫ್ ಮಾಡಿ ಮಲಕೋತೀವಿ. ಒಂದೊಂದು ಹೆಣ್ಣು ನೂರಾರು ತತ್ತಿ ಇಡ್ತೈತ್ರಿ!

ಆ ಎರಡ್ಮೂರು ರಾತ್ರಿ ಊರಮಂದಿ ಎಲ್ಲಾ ಹೊಲದ ಬದುವಿನ ಮ್ಯಾಲೆ ಅಲ್ಲಲ್ಲಿ ಬೆಂಕಿ ಹಾಕಿದ್ರ, ಇಲ್ಲಾ ಲೈಟ್ ಕಟ್ಟಿ ಕೆಳಗ ಸೀಮಿಎಣ್ಣಿ ಕಲಸಿದ ನೀರಿನ ಬುಟ್ಟಿ ಇಟ್ರ ಪತಂಗ ಅಲ್ಲೇ ಸಾಯ್ತಾವ. ಒಬ್ಬಾಂವ ಮಾಡಿದ್ರ ಆಗೂದಲ್ಲ ಯಾಕಂದ್ರ ಬಲ್ತ ಹುಳ ಒಂದು ಹೊಲ ಮುಗಿಸಿ ದಂಡುಗಟ್ಟಿ ಬಾಜು ಹೊಲಕ್ಕ ಹೊಂಟುಬಿಡ್ತಾವ. ತಪ್ಪಿಸಿಕೊಂಡು ತತ್ತಿ ಇಟ್ಟೂ ಅಂದ್ರೂ ಇನ್ನೊಂದು ಚಾನ್ಸ್ ಐತಿ, ಮರಿ ಸಣ್ಣವಿದ್ದಾಗ ಎಲಿ ಹಿಂದ ಗುಂಪಾಗಿ ಕುಂತು ಹಸರಷ್ಟ ಕೆರಕೊಂಡು ತಿಂತಾವ, ಬಿಸಲಿಗೆ ಹಿಡದ್ರ ಆ ಎಲಿ ಜಾಳಿಗಿ ಜಾಳಿಗಿ ಕಾಣ್ತೈತಿ, ಕಿತ್ತು ಅದ ನೀರಾಗ ಮುಳುಗಿಸಿದ್ರ ಮುಗೀತು. ಬ್ಯಾಸಗ್ಯಾಗ ಆಳ ರಂಟಿ ಹೊಡದವ್ರಿಗೆ ಈ ಕಾಟ ಮೊದಲ ಕಡಿಮಿ, ಕೋಶ ಮ್ಯಾಲೆ ಬಂದು ಹಕ್ಕಿ ತಿಂತಾವ, ಬಿಸಲಿಗೆ ಒಣಗ್ತಾವ. ಆದ್ರ ಬದು ಯಾರು ಹೊಡೀತಾರ?

ಅದಕ್ಕ ಕೇಳೂದು ಇಷ್ಟ. ಗದಗ, ಹಾವೇರಿ ಕಡೆ ಮೊದಲ ದೊಡ್ಡ ಮಳಿ ಆದ ಮರುದಿನ ಜಿಲ್ಲಾ ಪುಟದಾಗ ಒಂದು ಸಣ್ಣ ಬಾಕ್ಸ್ ಹಾಕ್ರಿ, ಕ್ರಿಕೆಟ್ಟಿಗೆ ಇಡೀ ಪುಟ ಕೊಡ್ತೀರಿ, ಇದಕ್ಕ ನಾಕು ಬೆರಳು ಜಾಗ ಸಾಕು. ಪಂಚಾಯ್ತಿಯವ್ರು ಕಸದ ಗಾಡಿ ಮೈಕಿನ್ಯಾಗ ಅದನ್ನ ಓದಿಸಿದ್ರ ಇನ್ನೂ ಚಲೋ. ಫೋಟೋ ಮಾತ್ರ ಪತಂಗದ್ದು ಹಾಕ್ರಿ, ಹುಳ ನಮಗ ಗೊತ್ತೈತಿ.

- ಶೇಂಗಾ ಬೆಳೆಗಾರ, ಶಿರಹಟ್ಟಿ ತಾಲೂಕು