ಮಳೆಗಾಲದ ಒದ್ದೆ ಪ್ಯಾಕ್ ಸ್ಟೆರೈಲ್ ಅಲ್ಲ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವತನಕ ಮನೆಯ ಬಟ್ಟೆಯೇ ಒಣಗುವುದಿಲ್ಲ. ಆಸ್ಪತ್ರೆಯ ಗಾಜ್ ಬಟ್ಟೆ, ಆಪರೇಷನ್ ಕೋಣೆಯ ಬಟ್ಟೆ, ಡ್ರೆಸ್ಸಿಂಗ್ ಸೆಟ್‌ಗಳ ಪಾಡೂ ಅದೇ. ಆಸ್ಪತ್ರೆಯಲ್ಲಿ ಸೋಂಕು ತಡೆಯುವುದೆಂದರೆ ಎಲ್ಲರೂ ಕೈ ತೊಳೆಯುವ ಮಾತಾಡುತ್ತಾರೆ, ಮಾತಾಡಲೇಬೇಕು. ಆದರೆ ನಮ್ಮ ಭಾಗದ ಥಂಡಿ ಮಾಡುವ ಅನಾಹುತವನ್ನು ಗಮನಿಸುವವರು ಕಡಿಮೆ.

ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರವೇ ಆಟೋಕ್ಲೇವ್. ಬಟ್ಟೆಯಲ್ಲಿ ಸುತ್ತಿದ ಸಾಮಾನಿನ ಪ್ಯಾಕ್ ಅದರಿಂದ ತೆಗೆದಾಗ ಕೈಗೆ ಪಸೆ ಪಸೆ ಎನಿಸಿದರೆ, ಮೇಲೆ ಅಂಟಿಸಿದ, ಬಿಸಿಗೆ ಕಪ್ಪಾಗುವ ಟೇಪಿನ ಗೆರೆ ಎಷ್ಟೇ ಕಪ್ಪಾಗಿದ್ದರೂ ಅದು ಸ್ಟೆರೈಲ್ (ರೋಗಾಣುಮುಕ್ತ) ಅಲ್ಲ. ಒಣಗಿದ ಎರಡು ಪದರ ಬಟ್ಟೆ ರೋಗಾಣುಗಳನ್ನು ತಡೆಯುತ್ತದೆ. ಅದೇ ಬಟ್ಟೆ ಒದ್ದೆಯಾದರೆ, ಬತ್ತಿ ಎಣ್ಣೆ ಎಳೆದ ಹಾಗೆ, ಕೈಯಲ್ಲಿ ಕಪಾಟಿನಲ್ಲಿ ಇದ್ದದ್ದನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಟೇಪಿನ ಗೆರೆ ಹೇಳುವುದು ಪ್ಯಾಕಿನ ಹೊರಮೈಗೆ ಬಿಸಿ ತಾಗಿದೆ ಎಂದಷ್ಟೇ. ನಡುವೆ ಇರುವ ಕತ್ತರಿಯ ಸಂದಿಗೆ ಹಬೆ ಹೋಯಿತೇ ಎಂಬುದು ಅದರಿಂದ ತಿಳಿಯದು. ಅದಕ್ಕೆ ಪ್ಯಾಕಿನ ಒಳಗೊಂದು ಇಂಡಿಕೇಟರ್ ಪಟ್ಟಿ (ಹಬೆ ತಾಗಿದರೆ ಬಣ್ಣ ಬದಲಿಸುವ ಪಟ್ಟಿ) ಇಡಬೇಕು, ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳೂ ಸತ್ತವೇ ಎಂದು ನೋಡುವ ಸ್ಪೋರ್ ಟೆಸ್ಟ್ ವಾರಕ್ಕೊಮ್ಮೆ ಮಾಡಬೇಕು.

ಚಿಕ್ಕ ಆಸ್ಪತ್ರೆಗಳ ಆಟೋಕ್ಲೇವ್‌ನಲ್ಲಿ ಸುತ್ತಿದ ಪ್ಯಾಕಿಗೆ ಬೇಕಾದ್ದು 121 ಡಿಗ್ರಿ, 15 ಪೌಂಡ್ ಒತ್ತಡ, 30 ನಿಮಿಷ. ಈ 30 ನಿಮಿಷವನ್ನು ಸ್ವಿಚ್ ಹಾಕಿದಾಗಿನಿಂದ ಎಣಿಸುವುದು ತಪ್ಪು. 121 ಮುಟ್ಟಿದ ಮೇಲೆ ಎಣಿಸಬೇಕು. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ವಾಲ್ವ್ ಮುಚ್ಚಿದರೆ ಮುಳ್ಳು 15 ತೋರಿಸುತ್ತದೆ, ಬಿಸಿ ಮಾತ್ರ 121ಕ್ಕೆ ಏರಿರುವುದಿಲ್ಲ. ಡ್ರಮ್‌ಗೆ (ಹಬೆ ಹೋಗಲು ತೂತುಗಳಿರುವ ಲೋಹದ ಡಬ್ಬಿಗೆ) ಗಾಜ್ ಬಟ್ಟೆಯನ್ನು ತುರುಕಿ ತುಂಬಿದರೂ ಅಷ್ಟೇ, ಹಬೆಗೆ ದಾರಿಯಿರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. 20 ನಿಮಿಷವಾದ ಮೇಲೆ ಹೋಗಿ ಬಿಸಿ ಇಳಿದರೆ, ಬಂದ ಮೇಲೆ ಉಳಿದ 10 ನಿಮಿಷ ಓಡಿಸಿದರೆ ಸಾಲದು. ಮೊದಲಿನಿಂದ 30 ನಿಮಿಷ ಬೇಕು.

ಒಣಗಿಸುವ ಹಂತದಲ್ಲೇ ಹೆಚ್ಚು ಕೆಡುವುದು. ಹಬೆ ಬಿಟ್ಟು ಒತ್ತಡ ಸೊನ್ನೆಗೆ ಬಂದ ಮೇಲೆ ಮುಚ್ಚಳವನ್ನು ಸ್ವಲ್ಪ ತೆರೆದು, ಪ್ಯಾಕ್‌ಗಳನ್ನು ಮುಟ್ಟದೆ 30 ನಿಮಿಷ ಬಿಡಬೇಕು. ಕೆಲಸದ ಅವಸರದಲ್ಲಿ ತಕ್ಷಣ ತೆಗೆದು ತಣ್ಣನೆಯ ಕಡಪಾ ಕಲ್ಲಿನ ಮೇಲೆ ಇಟ್ಟರೆ ಪ್ಯಾಕಿನ ತಳದಲ್ಲಿ ಹಬೆ ನೀರಾಗಿ ನಿಲ್ಲುತ್ತದೆ. ಬಟ್ಟೆ ಹಾಸಿದ ತಂತಿ ಸ್ಟ್ಯಾಂಡಿನ ಮೇಲೆ ಆರಲು ಬಿಟ್ಟು, ಡ್ರಮ್ಮಿನ ತೂತುಗಳನ್ನು ಮರೆಯದೆ ಮುಚ್ಚಬೇಕು. ಒದ್ದೆಯಾಗಿ ಬಂದ ಪ್ಯಾಕಿಗೆ ಇಸ್ತ್ರಿ ಹಾಕಿ ಬಳಸುವಂತಿಲ್ಲ. ಬಿಚ್ಚಿ, ಒಣ ಬಟ್ಟೆಯಲ್ಲಿ ಸುತ್ತಿ ಮತ್ತೆ ಆಟೋಕ್ಲೇವ್ ಮಾಡಬೇಕು. ಮಳೆಯ ಇರಚಲು ಹೊಡೆಯುವ ಗೋಡೆಗೆ ಕಪಾಟು ಒರಗಿಸಲೇಬಾರದು: ಗೋಡೆಯಿಂದ 5 ಸೆಂ.ಮೀ., ನೆಲದಿಂದ 25 ಸೆಂ.ಮೀ. ಅಂತರವಿರಲಿ. ಬೂಷ್ಟಿನ ವಾಸನೆ ಬರುವ ಕೋಣೆ ಸ್ಟೆರೈಲ್ ಸ್ಟೋರ್ ಆಗಲಾರದು.

ಬ್ಲೀಚಿಂಗ್ ಪೌಡರಿನ ಕಥೆಯೂ ಇದೇ. ಬಾಯಿ ತೆರೆದಿಟ್ಟ ಚೀಲ ಗಾಳಿಯ ತೇವ ಕುಡಿದು ಗಡ್ಡೆಕಟ್ಟುತ್ತದೆ, ಕ್ಲೋರಿನ್ ಹಾರಿಹೋಗುತ್ತದೆ. ಚೆಲ್ಲಿದ ರಕ್ತಕ್ಕೆ ಶೇ 1ರ ದ್ರಾವಣ ಬೇಕು. ಶೇ 30 ಕ್ಲೋರಿನ್ ಇರುವ ಹೊಸ ಪುಡಿಯಾದರೆ 1 ಲೀಟರ್ ನೀರಿಗೆ ಸುಮಾರು 33 ಗ್ರಾಂ, ಶೇ 5ರ ಹೈಪೋ (ದ್ರವರೂಪದ ಬ್ಲೀಚ್) ಆದರೆ 1 ಪಾಲಿಗೆ 4 ಪಾಲು ನೀರು. ಗಡ್ಡೆಕಟ್ಟಿದ ಪುಡಿಗೆ ಈ ಲೆಕ್ಕ ನಡೆಯದು. ರಕ್ತದ ಮೇಲೆ ಬಟ್ಟೆ ಹಾಕಿ, ದ್ರಾವಣ ಸುರಿದು, 10 ನಿಮಿಷ ಬಿಟ್ಟು ಒರೆಸಬೇಕು. ಸುರಿದ ಕೂಡಲೇ ಒರೆಸಿದರೆ ವಾಸನೆ ಬರುತ್ತದೆಯೇ ಹೊರತು ರೋಗಾಣು ಸಾಯುವುದಿಲ್ಲ. ದ್ರಾವಣ ಆಯಾ ದಿನದ್ದೇ ಆಗಿರಲಿ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ಬರುವ ಅನಿಲ ಪ್ರಾಣಕ್ಕೇ ಕುತ್ತು.

ಬೆಳಿಗ್ಗೆಯೇ ಸ್ಪಿರಿಟ್‌ನಲ್ಲಿ ನೆನೆಸಿ ಡಬ್ಬಿಯಲ್ಲಿಟ್ಟ ಹತ್ತಿ ಇನ್ನೂ ಹಲವೆಡೆ ಕಾಣುತ್ತದೆ. ಹತ್ತಾರು ಕೈ ಹೋಗಿ ಬರುವ ಆ ಡಬ್ಬಿಯೇ ಸೋಂಕಿನ ಮೂಲವಾಗಬಹುದು. ಹತ್ತಿಯನ್ನು ಬೇಕಾದಾಗ ಬೇಕಾದಷ್ಟೇ ನೆನೆಸಬೇಕು.

ಚಳಿ, ಇರಚಲು ಎಂದು ವಾರ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿದರೆ ಕ್ಷಯದ ಕೆಮ್ಮು ಒಳಗೇ ಸುತ್ತುತ್ತದೆ. ಸೂರಿನ ಕೆಳಗಿನ ಗವಾಕ್ಷಿಗಳಾದರೂ ಎದುರುಬದುರು ತೆರೆದಿರಲಿ, ಕೆಮ್ಮುವವರಿಗೆ ಮೊದಲೇ ಮಾಸ್ಕ್ ಕೊಟ್ಟು ಬೇರೆ ಕೂರಿಸಲಿ.

ಸಿಬ್ಬಂದಿಯ ವಿಷಯದಲ್ಲಿ ಸೂಜಿಯೇ ದೊಡ್ಡ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ರೋಗಿಯನ್ನು ಮುಟ್ಟಲು ಹೆದರಬೇಕಿಲ್ಲ, ಅದು ಉಣುಗಿನಿಂದ ಬರುವಂಥದ್ದು. ಆದರೆ ಯಾವ ರೋಗಿಯ ರಕ್ತ ತೆಗೆದ ಸೂಜಿಗೂ ಮತ್ತೆ ಮುಚ್ಚಳ ಹಾಕಬಾರದು. ಚುಚ್ಚಿದರೆ ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿ ತಡೆ ಔಷಧಿಯನ್ನು 2 ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದು, 72 ಗಂಟೆ ಮೀರಬಾರದು. ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಗೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ (0, 1, 6ನೇ ತಿಂಗಳು) ಕೊಡಿಸುವುದು ಆಸ್ಪತ್ರೆಯ ಹೊಣೆ. ಕಸದ ಚೀಲದಲ್ಲಿ ಅಡಗಿದ ಸೂಜಿ ಚುಚ್ಚುವುದು ಅವರ ಕೈಗೇ.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಭಾಗದ ಆಸ್ಪತ್ರೆಗಳ ಆಟೋಕ್ಲೇವ್‌ಗಳ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಮೀಟರ್‌ಗಳನ್ನು ಮೇ ತಿಂಗಳೊಳಗೆ ಪರೀಕ್ಷಿಸಲಿ. ಜನರೇಟರ್ ಲೈನ್ ಆಟೋಕ್ಲೇವ್‌ಗೂ ಸಿಗಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಬಟ್ಟೆ ಒಣಗಿಸುವ ಯಂತ್ರ ಕೊಡಲಿ. ಬ್ಲೀಚಿಂಗ್ ಪೌಡರನ್ನು ದೊಡ್ಡ ಚೀಲಗಳ ಬದಲು ಒಂದೊಂದು ಕಿಲೋದ ಗಾಳಿಯಾಡದ ಪೊಟ್ಟಣಗಳಲ್ಲಿ, ತಯಾರಾದ ತಾರೀಕು ನೋಡಿ ಪೂರೈಸಲಿ.

– ನಿವೃತ್ತ ಶುಶ್ರೂಷಾಧಿಕಾರಿಗಳು, ಶಿವಮೊಗ್ಗ