ಕೈಗಾಗೆ ಹೊರಟ ಸುಧಾಗೆ

ಚಿ. ಸುಧಾಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: "ಮಾವ, ಕೈಗಾದಲ್ಲೂ ಚೆರ್ನೋಬಿಲ್ ಥರ ಆಗಬಹುದಾ?" ಓದಿದಾಗಿನಿಂದ ಸರಿಯಾಗಿ ನಿದ್ದೆ ಇಲ್ಲ. ನಮ್ಮಮ್ಮನೂ ಇದನ್ನೇ ಕೇಳುತ್ತಿದ್ದಳು. "ಏನೂ ಆಗಲ್ಲ, ಸುಮ್ನಿರಮ್ಮ" ಅಂದುಬಿಡುತ್ತಿದ್ದೆ. ಕೂತು ಬಿಡಿಸಿ ಹೇಳಲೇ ಇಲ್ಲ. ಈಗ ಹೇಳೋಣ ಅಂದರೆ ಅವಳಿಲ್ಲ.

ಪರಮಾಣು ಒಡೆಯುವ ಕಣಗಳೇ ನ್ಯೂಟ್ರಾನ್‌ಗಳು, ವೇಗ ತಗ್ಗಿದರೆ ಅವು ಇನ್ನೂ ಸುಲಭವಾಗಿ ಒಡೆಯುತ್ತವೆ. 1986ರಲ್ಲಿ ಚೆರ್ನೋಬಿಲ್‌ನ ಆ ಅಣು ರಿಯಾಕ್ಟರ್‌ನಲ್ಲಿ ಅವುಗಳ ವೇಗ ತಗ್ಗಿಸುತ್ತಿದ್ದದ್ದು ಗ್ರಾಫೈಟ್. ನೀರು ಶಾಖ ಒಯ್ಯುತ್ತಿತ್ತು, ಜೊತೆಗೆ ಒಂದಿಷ್ಟು ನ್ಯೂಟ್ರಾನ್ ನುಂಗುತ್ತಿತ್ತು. ನೀರು ಆವಿಯಾಯಿತು, ನುಂಗುವುದು ನಿಂತಿತು, ಗ್ರಾಫೈಟ್ ಅಲ್ಲೇ ಉಳಿಯಿತು. ಶಕ್ತಿ ಒಮ್ಮೆಲೇ ಏರಿತು. ತಡೆಯಲು ಇಳಿಸಿದ ಸರಳುಗಳ ತುದಿಯಲ್ಲೂ ಗ್ರಾಫೈಟ್ ಇತ್ತು, ಮೊದಲ ಕ್ಷಣಗಳಲ್ಲಿ ಅವೇ ಇನ್ನಷ್ಟು ಏರಿಸಿದವು.

ತಮಿಳುನಾಡಿನ ಕೂಡಂಕುಳಂನಲ್ಲಿ ವೇಗ ತಗ್ಗಿಸುವುದು, ಶಾಖ ಒಯ್ಯುವುದು, ಎರಡೂ ಕೆಲಸವನ್ನು ಸಾದಾ ನೀರೇ ಮಾಡುತ್ತದೆ. ನೀರು ಹೋದರೆ ಕ್ರಿಯೆಯೂ ಕುಗ್ಗುತ್ತದೆ. ಕೈಗಾದಲ್ಲಿ ಆ ಕೆಲಸಕ್ಕೆ ಭಾರಜಲ, ಅಂದರೆ ಭಾರವಾದ ಹೈಡ್ರೋಜನ್ ಇರುವ ನೀರು. ನಿನ್ನ ಹತ್ತಿರ ಮುಚ್ಚಿಡಲ್ಲ, ಇಂಧನದ ಕೊಳವೆಗಳಲ್ಲಿ ಅದು ಕುದಿದರೆ ಇಲ್ಲೂ ಶಕ್ತಿ ಸ್ವಲ್ಪ ಏರುತ್ತದೆ. ಅದಕ್ಕೇ ಒಂದನ್ನೊಂದು ನೆಚ್ಚಿಕೊಳ್ಳದ ಎರಡು ಶಟ್‌ಡೌನ್ ವ್ಯವಸ್ಥೆಗಳಿವೆ. ಕೆಲವೇ ಸೆಕೆಂಡುಗಳಲ್ಲಿ ಕ್ರಿಯೆ ನಿಲ್ಲಿಸುತ್ತವೆ. ಸುತ್ತ ದಪ್ಪ ಕಾಂಕ್ರೀಟ್ ಕಟ್ಟಡವಿದೆ. ಚೆರ್ನೋಬಿಲ್‌ಗೆ ಅಂಥದ್ದು ಇರಲಿಲ್ಲ.

ನನ್ನ ಭಯ ಬೇರೆ ಕಡೆ ಇತ್ತು. ಕಟ್ಟಿಗೆ ಎಳೆದ ಮೇಲೂ ಒಲೆಯಲ್ಲಿ ಕೆಂಡ ಉಳಿಯುತ್ತದಲ್ವಾ, ಹಾಗೆ ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲೂ ಪೂರ್ತಿ ಓಡುವಾಗಿನ ಶಾಖದ ಶೇಕಡ 6ರಷ್ಟು ಉಳಿದಿರುತ್ತದೆ. 2011ರಲ್ಲಿ ಫುಕುಶಿಮಾ ಸೋತದ್ದು ಇಲ್ಲೇ. ಕ್ರಿಯೆ ನಿಂತಿತ್ತು. ಸುನಾಮಿ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ತಂಪು ಮಾಡಲು ಕರೆಂಟ್ ಇರಲಿಲ್ಲ.

ಅಮ್ಮ ಜಾಸ್ತಿ ಹೆದರಿದ್ದು 1993ರಲ್ಲಿ. ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿತು. ಅದೂ ಕೈಗಾ ಜಾತಿಯದೇ ರಿಯಾಕ್ಟರ್. ಸುಮಾರು 17 ಗಂಟೆ ಕರೆಂಟ್ ಇಲ್ಲ. ಬೆಂಕಿ ಆರಿಸುವ ಡೀಸೆಲ್ ಪಂಪ್‌ನಿಂದ ಸ್ಟೀಮ್ ಜನರೇಟರ್‌ಗೆ ನೀರು ಬಿಟ್ಟರು. ಒಳಗಿನ ಭಾರಜಲ ಪಂಪಿಲ್ಲದೆ, ಬಿಸಿ ತಂಪಿನ ವ್ಯತ್ಯಾಸದಿಂದಲೇ ಸುತ್ತುತ್ತಿತ್ತು. ವಿಕಿರಣ ಹೊರಗೆ ಬರಲಿಲ್ಲ. ಇದನ್ನಾದರೂ ಅಮ್ಮನಿಗೆ ಹೇಳಬಹುದಿತ್ತು. ನನ್ನ ಗಾಬರಿ ಅವಳಿಗೆ ಕಾಣದಿರಲಿ ಅಂತ ಊರಿಗೆ ಫೋನೇ ಮಾಡಲಿಲ್ಲ.

ಹಾಗಾಗಿ ಆಗಬಹುದಾ ಅಂದರೆ, ಚೆರ್ನೋಬಿಲ್ ಆದ ರೀತಿಯಲ್ಲಿ ಆಗಲ್ಲ. ಅಪಾಯವೇ ಇಲ್ಲ ಅಂತ ಮಾತ್ರ ನಾನು ಬರೆಯಲಾರೆ.

ಬುದ್ಧಿ ಹೇಳುವಷ್ಟು ದೊಡ್ಡವನಲ್ಲ, ಆದರೂ ಹೇಳುತ್ತೇನೆ. ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಮರೆಯಬೇಡ. ಭಾರಜಲದಲ್ಲಿ ಟ್ರಿಟಿಯಂ ಅನ್ನುವ ವಿಕಿರಣಶೀಲ ಹೈಡ್ರೋಜನ್ ಹುಟ್ಟುತ್ತದೆ, ಮೈಗೆ ಸೇರಿದ್ದು ಮೂತ್ರದಲ್ಲಿ ಗೊತ್ತಾಗುತ್ತದೆ, ಮೂತ್ರದ ಸ್ಯಾಂಪಲ್ ಕೇಳಿದರೆ ಸಂಕೋಚ ಬೇಡ, ತಪ್ಪದೆ ಕೊಡು. ಡೀಸೆಲ್ ಜನರೇಟರ್ ಟೆಸ್ಟ್ ಇರುವ ದಿನ ಕೇಳಿಕೊಂಡು ಹೋಗಿ ನೋಡು. ಆಮೇಲೂ ಹೆದರಿಕೆ ಇದ್ದರೆ ನಿಮ್ಮಮ್ಮನಿಗೆ ಮುಚ್ಚಿಡಬೇಡ, ನನಗೂ ಬರಿ.

ನಿನ್ನ ಮಾವ