ಬೀದಿ ವ್ಯಾಪಾರಿಗೆ ಮೊದಲು ನಲ್ಲಿ ಕೊಡಿ

ಮಾನ್ಯ ಸಂಪಾದಕರೇ,

ಮಗಳ ಮನೆಯಲ್ಲಿ ಮೂರು ವಾರವಿದ್ದು ಈಚೆಗಷ್ಟೇ ಸಿಂಗಪುರದಿಂದ ಮರಳಿದ್ದೇನೆ. ಬೀದಿಬದಿಯ ತಿಂಡಿ ಗಾಡಿಗಳ ತೆರವಿನ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ, ಅಲ್ಲಿ ಕಂಡದ್ದನ್ನು ಓದುಗರ ಮುಂದಿಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಆ ನಗರದ ಗಗನಚುಂಬಿ ಕಚೇರಿಗಳ ನಡುವೆ ‘ಲಾವ್ ಪಾ ಸಾತ್’ ಎಂಬ ಹಳೆಯ ಮಾರುಕಟ್ಟೆಯಿದೆ. ಎರಕದ ಕಬ್ಬಿಣದ ಕಂಬಗಳ ಮೇಲೆ ನಿಂತ ಎಂಟು ಮೂಲೆಯ ಈ ಕಟ್ಟಡ 1894ರದ್ದು. ಇದಕ್ಕೆ ತಾಗಿದ ಬೂನ್ ತಾಟ್ ಬೀದಿಯಲ್ಲಿ ಹಗಲೆಲ್ಲ ಕಾರುಗಳು ಓಡಾಡುತ್ತವೆ. ಕಚೇರಿ ಬಿಡುವ ಹೊತ್ತು ದಾಟಿದ ಮೇಲೆ ವಾಹನಗಳನ್ನು ತಡೆದು, ಡಾಂಬರಿನ ಮೇಲೆಯೇ ಮೇಜು ಕುರ್ಚಿಗಳನ್ನು ಹರಡುತ್ತಾರೆ, ಸಾಲಾಗಿ ನಿಂತ ಸಾತೇ ಗಾಡಿಗಳಲ್ಲಿ ಇದ್ದಿಲು ಕೆಂಪಾಗುತ್ತದೆ. ಸಾತೇ ಎಂದರೆ ಅರಿಸಿನ ಮಸಾಲೆ ಹಚ್ಚಿದ ಮಾಂಸದ ತುಣುಕುಗಳನ್ನು ಕಡ್ಡಿಗೆ ಪೋಣಿಸಿ ಸುಡುವ ಮಲಯ ತಿನಿಸು. ನಾವು ಕುಳಿತ ಮೇಜಿನಿಂದ ನಾಲ್ಕು ಮಾರು ದೂರದಲ್ಲಿ ನಡುವಯಸ್ಸಿನ ಒಬ್ಬರು ಎಡಗೈಯಲ್ಲಿ ಬೀಸಣಿಗೆ ಹಿಡಿದು ಕೆಂಡಕ್ಕೆ ಗಾಳಿ ಹಾಕುತ್ತ, ಬಲಗೈಯಲ್ಲಿ ಜಜ್ಜಿದ ಮಜ್ಜಿಗೆಹುಲ್ಲಿನ ದಂಟನ್ನು ಎಣ್ಣೆಯಲ್ಲಿ ಅದ್ದಿ ಕಡ್ಡಿಗಳ ಮೇಲೆ ಸವರುತ್ತಿದ್ದರು. ಎಣ್ಣೆ ತೊಟ್ಟಿಕ್ಕಿದಾಗಲೆಲ್ಲ ಕೆಂಡ ಭಗ್ಗೆನ್ನುವುದು, ಅವರು ಇಪ್ಪತ್ತು ಕಡ್ಡಿಗಳನ್ನು ಒಂದೇ ಹಿಡಿಯಲ್ಲಿ ಮಗುಚುವುದು, ಹೊಗೆ ಮೇಲೇರಿ ಕಚೇರಿಗಳ ಗಾಜಿನ ಗೋಡೆಗಳಿಗೆ ಹಾಯುವುದು. ಜೊತೆಗೆ ಕಡಲೆಕಾಯಿಯ ಗೊಜ್ಜು, ಸೌತೆಕಾಯಿ, ಹಸಿ ಈರುಳ್ಳಿ ಮತ್ತು ‘ಕೆತುಪಾತ್’ ಎಂಬ ಅನ್ನದ ಗಟ್ಟಿ. ಎಳೆ ತೆಂಗಿನ ಗರಿಯನ್ನು ಹೆಣೆದು, ಅದರೊಳಗೆ ಅಕ್ಕಿ ತುಂಬಿ ಬೇಯಿಸುವ ಈ ಪದ್ಧತಿಯನ್ನು ಕಂಡಾಗ, ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವ ಕರಾವಳಿಯವನಾದ ನನಗೆ ನೆಂಟರ ಮನೆಗೆ ಬಂದಂತಾಯಿತು.

ಆ ಸಂಜೆ ನನ್ನ ಮನಸ್ಸಿನಲ್ಲಿ ನಿಂತದ್ದು ರುಚಿಯೊಂದೇ ಅಲ್ಲ. ಸಾವಿರಾರು ಜನ ತೆರೆದ ಬೀದಿಯಲ್ಲಿ ಉಂಡರೂ ಕಾಲಿಗೆ ಎಲ್ಲೂ ಎಂಜಲು ತಾಗಲಿಲ್ಲ. ನಮ್ಮಲ್ಲಿ ಇಂಥದ್ದನ್ನು ಕಂಡು ಬಂದವರು ‘ಅಲ್ಲಿಯ ಜನರೇ ಶಿಸ್ತಿನವರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅರವತ್ತರ ದಶಕದವರೆಗೆ ಸಿಂಗಪುರದ ಬೀದಿ ವ್ಯಾಪಾರಿಗಳಿಗೂ ನಲ್ಲಿ ಇರಲಿಲ್ಲ. ಎಂಜಲು ಚರಂಡಿಗೆ ಬೀಳುತ್ತಿತ್ತು, ಒಂದೇ ಬಕೆಟ್ ನೀರಿನಲ್ಲಿ ತಟ್ಟೆಗಳನ್ನು ಅದ್ದಿ ತೆಗೆಯುತ್ತಿದ್ದರು. ಅಲ್ಲಿಯ ಸರ್ಕಾರ 1968–69ರಲ್ಲಿ ವ್ಯಾಪಾರಿಗಳನ್ನು ನೋಂದಾಯಿಸಿ ಪರವಾನಗಿ ಕೊಟ್ಟಿತು, ಎಪ್ಪತ್ತರ ದಶಕದ ಆರಂಭದಿಂದ ನೀರು, ವಿದ್ಯುತ್, ಒಳಚರಂಡಿ ಇರುವ ‘ಹಾಕರ್ ಕೇಂದ್ರ’ಗಳನ್ನು, ಅಂದರೆ ಬೀದಿ ವ್ಯಾಪಾರಿಗಳ ತಿಂಡಿ ಮಳಿಗೆಗಳನ್ನು ಒಂದೆಡೆ ಸೇರಿಸಿದ ಕಟ್ಟಡಗಳನ್ನು, ಕಟ್ಟತೊಡಗಿ 1980ರ ದಶಕದ ನಡುವಿಗೆ ವ್ಯಾಪಾರಿಗಳನ್ನು ಅಲ್ಲಿಗೆ ಸ್ಥಳಾಂತರಿಸಿ ಮುಗಿಸಿತು. ಶುಚಿತ್ವಕ್ಕೆ ದರ್ಜೆ ನೀಡುವ ಪದ್ಧತಿ ಬಂದದ್ದು 1997ರಲ್ಲಿ. ಉಂಡವರು ತಟ್ಟೆಯನ್ನು ತಾವೇ ಹಿಂದಿರುಗಿಸಬೇಕೆಂಬುದು ಕಡ್ಡಾಯವಾದದ್ದು 2021ರಲ್ಲಿ. ಅಂದರೆ ಮೊದಲು ನೀರು ಬಂತು, ಶುಚಿತ್ವದ ದರ್ಜೆ ಆಮೇಲೆ ಬಂತು, ತಟ್ಟೆ ಹಿಂದಿರುಗಿಸದವರಿಗೆ ದಂಡ ಇನ್ನೂ ಆಮೇಲೆ ಬಂತು. ಇದೇ ಹಾಕರ್ ಸಂಸ್ಕೃತಿ 2020ರ ಡಿಸೆಂಬರ್‌ನಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಕೊರತೆಯೇ ಇಲ್ಲವೆಂದಲ್ಲ. ಮುಪ್ಪಿನ ವ್ಯಾಪಾರಿಗಳ ಮಕ್ಕಳು ಈ ಕಸುಬಿಗೆ ಬರಲು ಒಲ್ಲದಿರುವುದು ಆ ಊರಿನ ದೊಡ್ಡ ಚಿಂತೆ.

ನಮ್ಮ ಊರಿನಲ್ಲಿ ಸಂಜೆ ಬಜ್ಜಿ ಕರಿಯುವ ಒಬ್ಬ ತಾಯಿಯಿದ್ದಾರೆ. ಅರ್ಧ ಫರ್ಲಾಂಗ್ ಆಚೆಗಿನ ಮನೆಯೊಂದರ ಬಾವಿಯಿಂದ ಎರಡು ಕೊಡ ನೀರು ಹೊತ್ತು ತರುತ್ತಾರೆ. ಹಿಟ್ಟು ಕಲಸಲು, ಕೈ ತೊಳೆಯಲು, ತಟ್ಟೆ ತೊಳೆಯಲು, ಗಿರಾಕಿಗೆ ಕುಡಿಯಲು ಕೊಡಲು ರಾತ್ರಿ ಒಂಬತ್ತರವರೆಗೆ ಅಷ್ಟರಲ್ಲೇ ಆಗಬೇಕು. ಕಳೆದ ಮಳೆಗಾಲದಲ್ಲಿ ಶುಚಿತ್ವವಿಲ್ಲವೆಂಬ ಕಾರಣ ಕೊಟ್ಟು ಅವರ ಗಾಡಿಯನ್ನು ಲಾರಿಗೆ ಏರಿಸಿಕೊಂಡು ಹೋದರು. ಬಾಣಲೆಯಲ್ಲಿದ್ದ ಎಣ್ಣೆ ಇನ್ನೂ ಬಿಸಿಯಿತ್ತು. ಅದನ್ನು ಸೆರಗಿನಲ್ಲಿ ಹಿಡಿದು ಕೆಳಗಿಳಿಸಲು ಅವರು ಪಟ್ಟ ಪಾಡನ್ನು ಕಣ್ಣಾರೆ ಕಂಡವನು ನಾನು. ಅವರು ಶುಚಿಯಾಗಿರಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ಯಾವ ನೀರಿನಲ್ಲಿ ಎಂಬ ಪ್ರಶ್ನೆಗೆ ಊರಿನ ಆಡಳಿತ ಮೊದಲು ಉತ್ತರಿಸಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೇ ಪ್ರತಿ ಪಟ್ಟಣದಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳಿರುವ ಸಮಿತಿ ಇರಬೇಕೆಂದೂ, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕೆಂದೂ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡಬಾರದೆಂದೂ ಹೇಳುತ್ತದೆ. ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಸಂಜೆ ಸೇರುವ ಜನರನ್ನು ನೋಡಿದವರಿಗೆ, ಇಂಥ ಬೀದಿಯನ್ನು ನಮ್ಮವರು ಎಷ್ಟು ಪ್ರೀತಿಸುತ್ತಾರೆಂದು ಬೇರೆ ಹೇಳಬೇಕಾಗಿಲ್ಲ.

ನಗರಸಭೆ, ಪುರಸಭೆಗಳ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ತಮ್ಮ ಊರಿನ ಒಂದು ಬೀದಿಯನ್ನು ಆರಿಸಿಕೊಂಡು, ಸಂಜೆ ಆರರಿಂದ ಹತ್ತರವರೆಗೆ ಅಲ್ಲಿ ವಾಹನ ತಡೆದು, ನಾಲ್ಕು ನಲ್ಲಿ, ಮುಚ್ಚಿದ ಒಂದು ಚರಂಡಿ ಮತ್ತು ಕೈ ತೊಳೆಯಲು ಒಂದು ಕಟ್ಟೆಯನ್ನು ಈ ವರ್ಷದ ಆಯವ್ಯಯದಲ್ಲಿಯೇ ಸೇರಿಸಲಿ. ಅಲ್ಲಿಯವರೆಗೆ ಲಾರಿ ಕಳುಹಿಸುವುದನ್ನು ನಿಲ್ಲಿಸಲಿ.

ಇತಿ,
ಕರಾವಳಿಯ ಓದುಗ